ಸಭೆಯ ಮಕ್ಕಳಿಗೆಂದು ತಂದ ಕೇರಂ ಬೋರ್ಡ್: ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬೋರ್ಡ್ ಚೆನ್ನಾಗಿದೆ. ಪೂರ್ತಿ ಅಳತೆಯದ್ದು. 12 ಎಂ.ಎಂ. ಪ್ಲೈವುಡ್, ಸುತ್ತ ದಪ್ಪ ಮರದ ಚೌಕಟ್ಟು. ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಒಂದು ಆಟದ ಸಾಮಾನಿನ ಅಂಗಡಿಯಿಂದ ತಂದದ್ದು. ಪಾನ್ (ಆಡುವ ಕಾಯಿ), ಸ್ಟ್ರೈಕರ್, ಸ್ಟ್ಯಾಂಡ್ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ ಬಂತು. ಎರಡು ಮಳೆಗಾಲ ಕಳೆದಿದೆ, ಒಂದು ಚೂರೂ ಬಾಗಿಲ್ಲ. ನಮ್ಮ ಉಡುಪಿ ಕಡೆಯ ಮಳೆ ನೋಡಿದವರಿಗೆ ಇದೆಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ.

ಈ ಬೋರ್ಡ್ ನನ್ನ ಮನೆಯಲ್ಲಿ ಇಲ್ಲ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ನಮ್ಮ ಚರ್ಚಿನ, ಹಳೇ ಹಾಲ್‌ನಲ್ಲಿದೆ. ಅಲ್ಲಿ ಆರು ವರ್ಷದಿಂದ ನಾನು 12ರಿಂದ 15 ವರ್ಷದ ಮಕ್ಕಳ ಕೂಟ ನಡೆಸುತ್ತಿದ್ದೇನೆ. ಶನಿವಾರ ಸಂಜೆ ನಾಲ್ಕಕ್ಕೆ ಶುರು. ಹದಿಮೂರು ಮಕ್ಕಳಿದ್ದಾರೆ. ಪರೀಕ್ಷೆ ಸಮಯದಲ್ಲಿ ಐದಾರು ಜನ ಬಂದರೆ ಹೆಚ್ಚು.

ಈ ವಯಸ್ಸಿನವರಿಗೆ ಸಭೆಯಲ್ಲಿ ಜಾಗವೇ ಇರುವುದಿಲ್ಲ. ಸಂಡೇ ಸ್ಕೂಲಿನಲ್ಲಿ ಕೈ ತಟ್ಟಿ ಅಭಿನಯ ಗೀತೆ ಹಾಡುವ ವಯಸ್ಸು ದಾಟಿರುತ್ತದೆ. ಯುವಜನರ ಕೂಟಕ್ಕೆ ಹೋದರೆ ಅಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವವರು. ದೃಢೀಕರಣದ ಕ್ಲಾಸಿಗೆ ಮಾತ್ರ ತಪ್ಪದೆ ಬರುತ್ತಾರೆ, ಯಾಕೆಂದರೆ ಅಪ್ಪ ಅಮ್ಮ ಬಿಡುವುದಿಲ್ಲ. ಬಿಷಪ್ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ಮೊದಲ ಸಲ ಕರ್ತನ ಭೋಜನ ತೆಗೆದುಕೊಂಡು, ಬಿಳಿ ಬಟ್ಟೆಯಲ್ಲಿ ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡರೆ ಮುಗಿಯಿತು. ಆಮೇಲೆ ಮುಖ ಕಾಣುವುದು ಕ್ರಿಸ್ಮಸ್‌ಗೆ. ಆ ಫೋಟೊಗಳು ನಮ್ಮ ಹಾಲ್‌ನ ಗೋಡೆಯಲ್ಲಿ ಸಾಲಾಗಿ ಇವೆ. ಅದರಲ್ಲಿ ಎಷ್ಟು ಮುಖ ಈಗ ಭಾನುವಾರ ಬೆಂಚಿನಲ್ಲಿ ಕಾಣುತ್ತದೆ ಅಂತ ನಾನು ಒಂದು ದಿನ ಎಣಿಸಿದೆ. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ.

ನಾನೇನು ಕೈಕಟ್ಟಿ ಕುಳಿತಿರಲಿಲ್ಲ. ಬೈಬಲ್ ಕ್ವಿಜ್ ಮಾಡಿದೆ. ಪ್ರೊಜೆಕ್ಟರ್ ತರಿಸಿ ವಿಡಿಯೋ ತೋರಿಸಿದೆ. ಕುರ್ಚಿಗಳನ್ನು ದುಂಡಗೆ ಹಾಕಿ "ನಿಮ್ಮ ಮನಸ್ಸಿನಲ್ಲಿ ಏನಿದೆ, ಹೇಳಿ" ಅಂತ ಕೇಳಿದೆ. ಎಲ್ಲರೂ ತಮ್ಮ ಚಪ್ಪಲಿ ನೋಡುತ್ತಾ ಕುಳಿತರು. "ಏನಿಲ್ಲ ಟೀಚರ್." "ಗೊತ್ತಿಲ್ಲ ಟೀಚರ್." ಹದಿಮೂರು ವರ್ಷದ ಮಕ್ಕಳಿಗೆ ನಾಲ್ಕು ಜನರ ಕಣ್ಣು ತಮ್ಮ ಮೇಲಿದ್ದರೆ ಬಾಯಿ ಬರುವುದಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನನ್ನ ಮಗನೂ ಆ ವಯಸ್ಸಿನಲ್ಲಿ ಸ್ಕೂಟರಿನ ಹಿಂದೆ ಕುಳಿತಾಗ ಮಾತ್ರ ಮಾತಾಡುತ್ತಿದ್ದ.

ಕೇರಂ ನೆನಪಾದದ್ದು ಅಪ್ಪನಿಂದ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ಜಾಸ್ತಿ ಮಾತಿಲ್ಲ. ಭಾನುವಾರ ಮಧ್ಯಾಹ್ನ ಬೋರ್ಡ್ ಹಾಕಿ ನಮ್ಮನ್ನೆಲ್ಲ ಕೂರಿಸಿಕೊಂಡರೆ ಅವರ ಕಷ್ಟಸುಖವೆಲ್ಲ ಅಲ್ಲೇ ಹೊರಗೆ ಬರುತ್ತಿತ್ತು.

ಮೊದಲು ಆನ್‌ಲೈನ್‌ನಲ್ಲಿ ಒಂದು ಅಗ್ಗದ ಬೋರ್ಡ್ ತರಿಸಿದೆವು. ಯಾರದ್ದು ಅಂತ ಹೇಳುವುದಿಲ್ಲ, ಆದರೆ ಯಾರೂ ನಾವು ಮಾಡಿದ್ದನ್ನು ಮಾಡಬೇಡಿ. 4 ಎಂ.ಎಂ. ಪ್ಲೈ. ಅಳತೆಯೂ ಚಿಕ್ಕದು. ಜುಲೈ ಮುಗಿಯುವಷ್ಟರಲ್ಲಿ ನಡುವೆ ಉಬ್ಬಿತು. ಪಾನ್‌ಗಳೆಲ್ಲ ತಾವಾಗಿಯೇ ಒಂದು ಮೂಲೆಗೆ ಜಾರುತ್ತಿದ್ದವು. ಆ ಮೂಲೆಯಲ್ಲಿ ಕೂರಲು ಮಕ್ಕಳು ಜಗಳ ಆಡುತ್ತಿದ್ದರು. ನಮ್ಮ ಹಾಲ್ ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರಲ್ಲ, ಆ ಕಾಲದ ರೀತಿಯಲ್ಲೇ ಕಟ್ಟಿದ ಹಾಲ್. ಬೇಸಿಗೆಯಲ್ಲಿ ತಂಪು. ಮಳೆಗಾಲದಲ್ಲಿ ಗೋಡೆಗೆ ಕೈಯಿಟ್ಟರೆ ಒದ್ದೆಯಾಗುತ್ತದೆ. ಅಲ್ಲಿ ತೆಳು ಪ್ಲೈ ಎಲ್ಲಿ ಉಳಿಯುತ್ತದೆ ಮಾರಾಯ್ರೆ.

ಎರಡನೆಯ ಸಲ ನಾನೇ ಅಂಗಡಿಗೆ ಹೋದೆ. ಅಂಗಡಿಯವರು ಒಳ್ಳೆಯವರು. ಆಡುವ ಜಾಗ 74 ಸೆಂಟಿಮೀಟರ್ ಚೌಕ ಇರಬೇಕು ಅಂತ ಟೇಪ್ ಹಿಡಿದು ತೋರಿಸಿದರು. ಆಮೇಲೆ ಸ್ವಲ್ಪ ಪೌಡರ್ ಉದುರಿಸಿ, ಸ್ಟ್ರೈಕರ್ ಇಟ್ಟು ಜೋರಾಗಿ ಎದುರಿನ ಚೌಕಟ್ಟಿಗೆ ಹೊಡೆದರು. ಅದು ಅಲ್ಲಿ ಬಡಿದು ಈಚೆಗೆ ಬಂತು, ಮತ್ತೆ ಆಚೆಗೆ ಹೋಯಿತು, ಮತ್ತೆ ಬಂತು. ಮೂರೂವರೆ ಸಲ ಓಡಾಡಿದರೆ ಬೋರ್ಡ್ ಸರಿಯಿದೆ ಅಂತ ಲೆಕ್ಕ. ನೀವು ಕೊಳ್ಳುವಾಗ ಇದೊಂದನ್ನು ಕೇಳಿ ಮಾಡಿಸಿ. ಸ್ಟ್ರೈಕರ್ 15 ಗ್ರಾಂಗಿಂತ ಭಾರ ಇರಬಾರದು. ಮಕ್ಕಳು ಭಾರದ್ದನ್ನೇ ಕೇಳುತ್ತಾರೆ, ಕೊಡಿಸಬೇಡಿ. ಪಾನ್ ಒಡೆಯುತ್ತದೆ, ಬೆರಳೂ ನೋಯುತ್ತದೆ.

ಮಳೆಗಾಲಕ್ಕೆ ನಾವು ಮಾಡುವುದು ಹೀಗೆ. ಬೋರ್ಡನ್ನು ಗೋಡೆಗೆ ಒರಗಿಸಿ ಇಡುವುದಿಲ್ಲ. ಹಳೇ ಬೆಡ್‌ಶೀಟ್ ಸುತ್ತಿ ಎರಡು ಬೆಂಚಿನ ಮೇಲೆ ಮಲಗಿಸುತ್ತೇವೆ. ಬೋರ್ಡಿನ ಮೇಲೆ ತಗ್ಗಾಗಿ ಒಂದು ಹಳೇ ಕಾಲದ ಬಲ್ಬ್ ಇಳಿಬಿಟ್ಟಿದ್ದೇವೆ. ಎಲ್‌ಇಡಿ ಅಲ್ಲ, ಬಿಸಿಯಾಗುವ ಬಲ್ಬ್. ಆಟಕ್ಕೆ ಅರ್ಧ ಗಂಟೆ ಮೊದಲು ಹಾಕಿಟ್ಟರೆ ಹಲಗೆ ಒಣಗುತ್ತದೆ. ಬೋರಿಕ್ ಪೌಡರನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಒಳಗೆ ಅಕ್ಕಿ ಕಟ್ಟಿದ ಸಣ್ಣ ಬಟ್ಟೆಯ ಗಂಟು ಇಟ್ಟಿದ್ದೇವೆ, ಉಪ್ಪಿಗೆ ಮಾಡುವ ಹಾಗೆ. ಉಂಡೆ ಕಟ್ಟುವುದಿಲ್ಲ. ಆಟ ಮುಗಿದ ಮೇಲೆ ಎಲ್ಲರೂ ಕೈ ತೊಳೆಯಬೇಕು, ಅದು ಕಡ್ಡಾಯ.

ಈಗ ಬೋರ್ಡ್ ಬಂದ ಮೇಲೆ ಆದದ್ದನ್ನು ಹೇಳುತ್ತೇನೆ.

ಮೂರನೆಯ ಶನಿವಾರ ಇರಬೇಕು. ಹೊರಗೆ ಮಳೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ರೆಡ್‌ಗೆ, ಅಂದರೆ ಒಂದೇ ಒಂದಿರುವ ಕೆಂಪು ಪಾನ್‌ಗೆ, ಗುರಿ ಇಡುತ್ತಿದ್ದ. ಸ್ಟ್ರೈಕರನ್ನು ಗೆರೆಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸುತ್ತಿದ್ದ. ಬೆರಳ ತುದಿಯಲ್ಲೆಲ್ಲ ಪೌಡರ್. ಕಣ್ಣು ರೆಡ್ ಮೇಲೆಯೇ ಇತ್ತು.

"ಅಪ್ಪ ಈ ಕ್ರಿಸ್ಮಸ್ಸಿಗೂ ಬರುದಿಲ್ಲಂತೆ ಟೀಚರ್" ಅಂದ.

ಹೊಡೆದ. ರೆಡ್ ಪಾಕೆಟಿನ ಬಾಯಿಗೆ ಬಡಿದು ಈಚೆಗೆ ಬಂತು. ನಂತರದ ಸರದಿ ಎದುರು ತಂಡದ ಹುಡುಗಿಯದ್ದು. ಅವಳು ಸ್ಟ್ರೈಕರ್ ಮುಟ್ಟಲಿಲ್ಲ. "ಎಷ್ಟು ವರ್ಷ ಆಯ್ತು?" ಅಂತ ಕೇಳಿದಳು. "ಮೂರು. ಕುವೈತ್‌ನಲ್ಲಿ ರಜೆ ಕೊಡುದಿಲ್ಲಂತೆ." ಅವಳು ಸ್ಟ್ರೈಕರ್ ಎತ್ತಿಕೊಂಡಳು. "ನನ್ನ ಅಪ್ಪ ಮನೆಯಲ್ಲೇ ಇದ್ದಾರೆ. ನಮ್ಮ ಹತ್ರ ಮಾತಾಡುದಿಲ್ಲ." ಹೊಡೆದಳು. ಒಂದು ಬಿಳಿ ಹೋಯಿತು. ಮತ್ತೊಂದಕ್ಕೆ ಗುರಿ ಇಟ್ಟಳು.

ಮೂರು ವರ್ಷ ಕುರ್ಚಿ ದುಂಡಗೆ ಹಾಕಿ ಕೇಳಿದರೂ ಬಾರದ ಮಾತು ಅದು. ನಾನೂ ಆಟದಲ್ಲಿದ್ದೆ. ಏನು ಹೇಳಬೇಕೋ ಗೊತ್ತಾಗಲಿಲ್ಲ. ನನ್ನ ಸರದಿ ಬಂದಾಗ ಆಡಿದೆ, ಅಷ್ಟೇ. ಆ ರಾತ್ರಿ ಇಬ್ಬರ ಹೆಸರನ್ನೂ ಹಿಡಿದು ಪ್ರಾರ್ಥನೆ ಮಾಡಿದೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ ತಿಂಡಿ ಕಟ್ಟಿಕೊಂಡು ಆ ಹುಡುಗನ ಮನೆಗೆ ಹೊರಟಾಗ, ನಾನು ಕರೆಯದೆಯೇ ಆ ಹುಡುಗಿಯೂ ಇನ್ನಿಬ್ಬರೂ ಜೊತೆಗೆ ಬಂದರು.

ಆ ಸಂಜೆ ನಾನು ಸುಮ್ಮನಿದ್ದದ್ದಕ್ಕೆ ಒಂದು ಕಾರಣ ಉಂಟು. ಬೋರ್ಡ್ ಬರುವುದಕ್ಕೆ ಹಿಂದಿನ ವರ್ಷ ಒಬ್ಬ ಹುಡುಗಿ ತನ್ನ ಮನೆಯ ಒಂದು ಕಷ್ಟವನ್ನು ನನ್ನ ಹತ್ತಿರ ಹೇಳಿಕೊಂಡಿದ್ದಳು. ನಾನು ಆ ಶನಿವಾರವೇ ಎಲ್ಲರ ಮುಂದೆ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡಿಬಿಟ್ಟೆ. ಪ್ರೀತಿಯಿಂದಲೇ ಮಾಡಿದ್ದು. ಕಣ್ಣು ತೆರೆದು ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನು ಮನೆಗೆ ಹೋಗಿ ಅವಳ ಮುಂದೆಯೇ ಕ್ಷಮೆ ಕೇಳಿದೆ. "ಪರವಾಗಿಲ್ಲ ಟೀಚರ್" ಅಂದಳು. ಆದರೂ ಬರಲಿಲ್ಲ. ಬೋರ್ಡ್ ಬಂದ ಮೇಲೆ ಒಂದು ದಿನ ತಮ್ಮನನ್ನು ಬಿಡಲು ಬಂದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಒಬ್ರು ಕಮ್ಮಿ ಇದ್ದಾರೆ, ಬಾ" ಅಂದೆ. ಬೇರೆ ಏನೂ ಕೇಳಲಿಲ್ಲ. ಬಂದು ಕುಳಿತಳು. ಈಗ ನಮ್ಮಲ್ಲಿ ಮಕ್ಕಳು ತಾವಾಗಿ ಹೇಳಿದರೆ ಮಾತ್ರ ಹೆಸರು ಹಿಡಿದು ಪ್ರಾರ್ಥನೆ.

ಹಾಗಂತ ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆ ಅಂತಲೂ ಮಾತು ಕೊಡುವುದಿಲ್ಲ. ಇದನ್ನು ಇಂಥ ಕೂಟ ನಡೆಸುವ ಎಲ್ಲರೂ ತಿಳಿದಿರಬೇಕು. 2012ರ ಪೋಕ್ಸೋ ಕಾನೂನಿನ ಪ್ರಕಾರ 18 ವರ್ಷದೊಳಗಿನ ಮಕ್ಕಳಿಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ರ ಚೀಟಿಯನ್ನು ಹಾಲ್‌ನ ಬಾಗಿಲಿಗೆ ಅಂಟಿಸಿದ್ದೇನೆ. "ಯಾರಿಗೂ ಹೇಳ್ಬೇಡಿ ಟೀಚರ್" ಅಂತ ಶುರು ಮಾಡಿದರೆ, "ನಿನಗೆ ಯಾರಾದರೂ ತೊಂದರೆ ಕೊಡುವ ವಿಷಯ ಆದರೆ ನಾನು ಹೇಳಲೇಬೇಕಾಗುತ್ತದೆ ಮಗಾ, ಆದರೆ ನಿನ್ನ ಜೊತೆ ಇರುತ್ತೇನೆ" ಅಂತ ಮೊದಲೇ ಹೇಳುತ್ತೇನೆ. ಹಾಲ್‌ನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರುತ್ತೇವೆ. ಬಾಗಿಲು ತೆರೆದೇ ಇರುತ್ತದೆ, ಎಷ್ಟು ಮಳೆ ಬಂದರೂ.

ಒಂದು ಸಲ ಕೇರಂನಿಂದಲೇ ಪಾಠ ಮಾಡಲು ಹೋದೆ. ರೆಡ್ ಹಾಕಿದರೆ ಕವರ್ ಬೇಕು (ಹಿಂದೆಯೇ ನಮ್ಮ ಇನ್ನೊಂದು ಪಾನ್ ಹಾಕಬೇಕು), ತಪ್ಪಾದರೆ ಡ್ಯೂ ಕೊಡಬೇಕು (ಹಾಕಿದ ಪಾನ್ ಒಂದನ್ನು ವಾಪಸ್ ಇಡಬೇಕು), ಹಾಗೆಯೇ ನಮ್ಮ ಬದುಕಿನಲ್ಲಿಯೂ ಅಂತ ಶುರು ಮಾಡಿದೆ. ಮಕ್ಕಳ ಮುಖಗಳು ಒಂದೊಂದಾಗಿ ಮುಚ್ಚಿಕೊಂಡವು. ಆ ದಿನ ಆಟವೂ ಸಪ್ಪೆಯಾಯಿತು. ಆಮೇಲೆ ಹಾಗೆ ಮಾಡಿಲ್ಲ. ವಚನ ಓದುವುದು, ಪಾಠ, ಹಾಡು ಮೊದಲ ಅರ್ಧ ಗಂಟೆ. ಆಮೇಲೆ ಆಟ. ಆಟದ ಹೊತ್ತಿನಲ್ಲಿ ಪಾಠ ಇಲ್ಲ. ವಿಚಿತ್ರ ಅಂದರೆ, ಈಗ ಪಾಠದ ಪ್ರಶ್ನೆಗಳು ಆಟದ ನಡುವೆ ಅವರಿಂದಲೇ ಬರುತ್ತವೆ. "ಟೀಚರ್, ಪೇತ್ರ ಮೂರು ಸಲ ಗೊತ್ತಿಲ್ಲ ಅಂದನಲ್ಲ, ಯೇಸುವಿಗೆ ಸಿಟ್ಟು ಬರ್ಲಿಲ್ವಾ?" ಅಂತ ಒಬ್ಬ ಪೌಡರ್ ಉದುರಿಸುತ್ತಾ ಕೇಳಿದ. ಅದಕ್ಕೆ ಮೂರು ಬೋರ್ಡ್, ಅಂದರೆ ಮೂರು ಸುತ್ತು ಆಟ, ಮುಗಿಯುವವರೆಗೆ ಮಾತಾಡಿದೆವು.

ಇನ್ನು ಕುಂದುಗಳು. ದೊಡ್ಡ ಕುಂದು ಅಂದರೆ ನಾಲ್ವರೇ ಆಡಬಹುದು. ಮಕ್ಕಳು ಹದಿಮೂರು. 25 ಪಾಯಿಂಟಿನ ಆಟ ಅಂತ ಕೂತರೆ ಉಳಿದವರು ಮೊಬೈಲ್ ತೆಗೆಯುತ್ತಾರೆ. ಅದಕ್ಕೆ ಒಂದೊಂದೇ ಬೋರ್ಡ್ ಆಡಿಸುತ್ತೇವೆ. ಸೋತವರು ಎದ್ದು ಚಹಾ, ಬಿಸ್ಕತ್ತಿನ ಕೆಲಸಕ್ಕೆ ಹೋಗಬೇಕು. ಶುರುವಿನಲ್ಲಿ ಹುಡುಗರೇ ಬೋರ್ಡ್ ಹಿಡಿದು ಕುಳಿತಿದ್ದರು, ಹುಡುಗಿಯರು ದೂರ ನಿಂತು ನೋಡುತ್ತಿದ್ದರು. ಚೀಟಿ ಎತ್ತಿ ಜೋಡಿ ಮಾಡುವ ನಿಯಮ ತಂದೆ. ಎರಡು ವಾರ ಗೊಣಗಿದರು. ಈಗ ನಮ್ಮಲ್ಲಿ ಚೆನ್ನಾಗಿ ಕಟ್ ಹೊಡೆಯುವವಳು ಏಳನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗಿ.

ಸಭೆಯ ಹಿರಿಯರೊಬ್ಬರಿಗೆ ದೇವಾಲಯದ ಹಾಲ್‌ನಲ್ಲಿ ಕೇರಂ ಇಡುವುದು ಇಷ್ಟವಿರಲಿಲ್ಲ. ಪಣ ಕಟ್ಟುವ ಅಭ್ಯಾಸ ಆಗುತ್ತದೆ ಅಂತ ಹೆದರಿದ್ದರು. ಅವರ ಹೆದರಿಕೆಯಲ್ಲಿ ಸುಳ್ಳಿಲ್ಲ. ಐಸ್‌ಕ್ರೀಮಿನ ಪಣವೂ ಇಲ್ಲ ಅಂತ ನಿಯಮ ಮಾಡಿದೆವು. ಸಭಾಪಾಲಕರು ಒಂದು ಶನಿವಾರ ಬಂದು ಮಕ್ಕಳ ಜೊತೆ ಆಡಿ ಹೋದರು. ಅಲ್ಲಿಗೆ ಆ ಮಾತು ನಿಂತಿತು.

ಬೋರ್ಡ್ ಬಹಳ ಭಾರ. ಎತ್ತಲು ಇಬ್ಬರು ದೊಡ್ಡವರೇ ಬೇಕು. ಜೊತೆಗೆ ಕೊಟ್ಟ ಕಬ್ಬಿಣದ ಸ್ಟ್ಯಾಂಡ್ ಅಷ್ಟಕ್ಕಷ್ಟೆ, ಅಲುಗಾಡುತ್ತದೆ, ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿಯಿತು. ಆ ದುಡ್ಡು ಉಳಿಸಿ ಬಡಗಿಯ ಹತ್ತಿರ ಮರದ್ದು ಮಾಡಿಸಿ.

ನಿಮ್ಮ ಸಭೆಯಲ್ಲಿ ಈ ವಯಸ್ಸಿನ ಐದೇ ಮಕ್ಕಳಿದ್ದರೂ ಕೊಳ್ಳಿ ಅಂತ ನಾನು ಹೇಳುತ್ತೇನೆ. ಆದರೆ ತಂದು ಮಕ್ಕಳಿಗೆ ಬಿಟ್ಟು ಆಫೀಸ್ ರೂಮಿನಲ್ಲಿ ಕೂರುವ ಹಾಗಿದ್ದರೆ ಬೇಡ. ನೀವೂ ಒಂದು ಕಡೆ ಕುಳಿತು ಆಡಬೇಕು. ಸಮಯ ಜಾಸ್ತಿ ಹೋಗುತ್ತದೆ. ಶನಿವಾರ ಸಂಜೆ ಎಂಬುದು ನನಗೆ ಈಗ ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ.

ಪಾಕೆಟಿನ ಬಲೆಗಳು ಮೊದಲ ವರ್ಷವೇ ಹರಿದವು. ಅಂಗಡಿಯ ಬಲೆ ತೀರಾ ತೆಳು. ನಮ್ಮ ಕೂಟ ಬಿಟ್ಟು ಪಿಯುಸಿಗೆ ಹೋದ ಹುಡುಗನೊಬ್ಬ ಮಲ್ಪೆಯಿಂದ ಮೀನು ಬಲೆಯ ನೈಲಾನ್ ನೂಲು ತಂದು ಹೊಸದಾಗಿ ಹೆಣೆಯುತ್ತಿದ್ದಾನೆ. ಮೂರು ಆಗಿದೆ. ನಾಲ್ಕನೆಯದನ್ನು ಈ ಶನಿವಾರ ಬಂದು ಹಾಕುತ್ತೇನೆ ಅಂದಿದ್ದಾನೆ.