ಪಿಎಫ್‌ಎಎಸ್ ಇರುವ ನೀರಿಗೆ ಮೂರು ಫಿಲ್ಟರ್: ಕೊನೆಗೆ ಆರ್‌ಒ ಉಳಿಯಿತು

ಮೊದಲೇ ಆರ್‌ಒ (ಸಣ್ಣ ಪೊರೆಯಲ್ಲಿ ನೀರು ಸೋಸುವ ಫಿಲ್ಟರ್) ಹಾಕಿಸಿದ್ದರೆ ಎರಡು ಸಲ ದುಡ್ಡು ಹೋಗುತ್ತಿರಲಿಲ್ಲ. ನಮ್ಮ ಚಿಕ್ಕ ಊರಿನ ಕುಡಿಯುವ ನೀರಿನಲ್ಲಿ ಪಿಎಫ್‌ಎಎಸ್ (ಸುಲಭವಾಗಿ ನಾಶವಾಗದ, ಆರೋಗ್ಯಕ್ಕೆ ಕೆಟ್ಟ ರಾಸಾಯನಿಕಗಳ ಗುಂಪು) ಇದೆ ಅಂತ ವರದಿ ಬಂದ ವಾರವೇ ಗಾಬರಿಯಲ್ಲಿ ಒಂದು ಜಗ್ ಫಿಲ್ಟರ್ ಕೊಂಡೆ. ಮನೆಯಲ್ಲಿ ಪುಡಿ ಹಾಲು ಕುಡಿಯುವ ಕೂಸಿದೆ. ಕಾಯಿಸಿದರೆ ಸಾಲದು. ನೀರು ಆವಿಯಾಗಿ ಹೋಗುತ್ತದೆ, ಪಿಎಫ್‌ಎಎಸ್ ಪಾತ್ರೆಯಲ್ಲೇ ಉಳಿಯುತ್ತದೆ. ಯುವಿ ದೀಪ ಸಾಯಿಸುವುದು ಕ್ರಿಮಿಗಳನ್ನು, ಇದನ್ನಲ್ಲ.

ಜಗ್‌ನ ಡಬ್ಬಿಯ ಮೇಲೆ ಎನ್‌ಎಸ್‌ಎಫ್ (ಫಿಲ್ಟರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆ) ಅಂತ ದೊಡ್ಡದಾಗಿ ಬರೆದಿತ್ತು. ನೀರಿನ ಕ್ಲೋರಿನ್ ವಾಸನೆ ಹೋಯಿತು, ನಾನೂ ನೆಮ್ಮದಿಯಾಗಿದ್ದೆ. ಒಂದು ದಿನ ಡಬ್ಬಿ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ 42 ಅಂತಿದೆ. 42 ಅಂದರೆ ರುಚಿ, ವಾಸನೆಗೆ ಕೊಡುವ ಪ್ರಮಾಣಪತ್ರ. ಪಿಎಫ್‌ಎಎಸ್‌ಗೆ ಕಾರ್ಬನ್ (ಇದ್ದಿಲು) ಫಿಲ್ಟರ್ ಆದರೆ 53, ಆರ್‌ಒ ಆದರೆ 58 ಬೇಕು. ಜೊತೆಗೆ ಪಿಎಫ್‌ಎಎಸ್ ಅಂತ ಹೆಸರು ಹಿಡಿದು ಬರೆದಿರಬೇಕು. ಬರೀ ನಂಬರ್ ನೋಡಿ ತಗೋಬೇಡಿ.

ಎರಡನೆಯದು ಸಿಂಕ್ ಕೆಳಗೆ ಕೂರುವ ಕಾರ್ಬನ್ ಬ್ಲಾಕ್, 53 ಇರುವುದು. ಒಳ್ಳೆಯ ವಸ್ತು. ನೀರು ಪೋಲಾಗುವುದಿಲ್ಲ, ರುಚಿಯೂ ಚೆನ್ನ.

ಆದರೆ ಕಾರ್ಬನ್ ತುಂಬಿದೆ ಅಂತ ತಿಳಿಯುವುದು ಹೇಗೆ? ಇಲ್ಲೇ ನಾನು ಸೋತೆ. ನನ್ನ ಫಿಲ್ಟರಿನ ಕೆಂಪು ದೀಪ ದಿನ ಎಣಿಸುತ್ತದೆ ಅಷ್ಟೇ. ಪಿಎಫ್‌ಎಎಸ್‌ಗೆ ರುಚಿ ಇಲ್ಲ, ಬಣ್ಣ ಇಲ್ಲ. ನೀರಲ್ಲಿ ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಮೀಟರ್‌ಗೂ ಸಿಗುವುದಿಲ್ಲ. ಮೀಟರ್ ತೋರಿಸುವುದು ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ. ಪಿಎಫ್‌ಎಎಸ್ ಗುಂಪಿನ ಪಿಎಫ್‌ಒಎ, ಪಿಎಫ್‌ಒಎಸ್ ಎರಡಕ್ಕೂ ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಇಟ್ಟ ಮಿತಿ ಲಕ್ಷ ಕೋಟಿಯಲ್ಲಿ 4 ಪಾಲು!

ಇನ್ನೊಂದು ವಿಷಯ. ಅಣುವಿನ ಸರಪಳಿ ಉದ್ದವಿರುವ ಪಿಎಫ್‌ಒಎಸ್ ಕಾರ್ಬನ್‌ಗೆ ಚೆನ್ನಾಗಿ ಅಂಟುತ್ತದೆ. ಪಿಎಫ್‌ಬಿಎ ತರಹದ ಚಿಕ್ಕ ಸರಪಳಿಯವು ಬೇಗ ನುಸುಳುತ್ತವೆ. ಕಾರ್ಬನ್ ತುಂಬಿದ ಮೇಲೆ ಹಿಡಿದಿದ್ದನ್ನೇ ವಾಪಸ್ ಬಿಡುವುದೂ ಉಂಟು. ನಮ್ಮ ವರದಿಯಲ್ಲಿ ಉದ್ದ, ಚಿಕ್ಕ ಎರಡೂ ಇದ್ದವು. ಒಂದು ಸಂಜೆ ಸಿಂಕ್ ಕೆಳಗೆ ಟಾರ್ಚ್ ಹಿಡಿದೆ. ಕಾರ್ಟ್ರಿಜ್ ಮೇಲೆ ನಾನೇ ಪೆನ್ನಲ್ಲಿ ಬರೆದ ತಾರೀಖು ದಾಟಿ ಎರಡು ತಿಂಗಳಾಗಿತ್ತು. ಕೂಸಿನ ಬಾಟಲಿ ಇನ್ನೂ ಕೈಯಲ್ಲೇ ಇತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೊನೆಗೆ ಮೂರನೆಯದಾಗಿ ಆರ್‌ಒ ಹಾಕಿಸಿದೆ. ಚಿಕ್ಕ, ಉದ್ದ ಸರಪಳಿ ಎರಡನ್ನೂ ಅದರ ಪೊರೆ ಬಹುಪಾಲು ತಡೆಯುತ್ತದೆ. ಅದಕ್ಕಿಂತ ನನಗೆ ಮುಖ್ಯವಾಗಿದ್ದು, ಇಲ್ಲಿ ಟಿಡಿಎಸ್ ಮೀಟರ್ ಉಪಯೋಗಕ್ಕೆ ಬರುತ್ತದೆ. ಅದು ಪಿಎಫ್‌ಎಎಸ್ ಅಳೆಯುವುದಿಲ್ಲ, ನಿಜ. ಆದರೆ ಪೊರೆ ಉಪ್ಪನ್ನು ತಡೆಯುವುದು ಕಮ್ಮಿಯಾದರೆ ಅಂಕಿ ಏರುತ್ತದೆ. ಪೊರೆ ಹಾಳಾಗುತ್ತಿದೆ ಅಂತ ಗೊತ್ತಾಗುತ್ತದೆ. ಮರೆಗುಳಿಯಾದ ನನಗೆ ಇಂಥದ್ದೊಂದು ಗುರುತು ಬೇಕೇ ಬೇಕು. ಪೊರೆಯ ಮುಂದಿನ ಕಾರ್ಬನ್ ಮಾತ್ರ ಹೊತ್ತಿಗೆ ಬದಲಿಸಿ, ಕ್ಲೋರಿನ್ ತಾಗಿದರೆ ಪೊರೆ ಕೆಡುತ್ತದೆ.

ನೀರು ಸಣ್ಣಗೆ ಬರುತ್ತದೆ. ರುಚಿ ಸ್ವಲ್ಪ ಸಪ್ಪೆ. ಪೋಲಾಗುವ ನೀರಲ್ಲಿ ಪಿಎಫ್‌ಎಎಸ್ ಇನ್ನೂ ಜಾಸ್ತಿ ಇರುತ್ತದೆ, ತರಕಾರಿ ಗಿಡಕ್ಕೆ ಹಾಕಬೇಡಿ. ನಾನು ಟಾಯ್ಲೆಟ್‌ಗೆ ಬಳಸುತ್ತೇನೆ.

ಇಡೀ ಮನೆಗೆ ಹಾಕಿಸುವಷ್ಟು ದುಡ್ಡು ನಮ್ಮಲ್ಲಿಲ್ಲ. ಕುಡಿಯಲು, ಅಡುಗೆಗೆ ಒಂದೇ ನಲ್ಲಿ. ತಾರೀಖು ತಪ್ಪದೆ ಕಾರ್ಟ್ರಿಜ್ ಬದಲಿಸುವವರಾಗಿದ್ದು, ವರದಿಯಲ್ಲಿ ಚಿಕ್ಕ ಸರಪಳಿಯವು ಇಲ್ಲದಿದ್ದರೆ ನಿಮಗೆ ಕಾರ್ಬನ್ ಬ್ಲಾಕ್ ಸಾಕು. ನಾನು ಪ್ರತಿ ಭಾನುವಾರ ಮೀಟರ್ ಅದ್ದಿ, ಕಪಾಟಿನ ಬಾಗಿಲ ಒಳಗೆ ಅಂಕಿ ಬರೆದಿಡುತ್ತೇನೆ. ಹೊಸದರಲ್ಲಿ 18 ಇತ್ತು, ಈ ವಾರ 22.