ಹಳೆ ಮೋಟರ್‌ಹೋಮ್ ಎಂಜಿನ್‌ಗೆ ಮೂಲ ಪಾರ್ಟ್ಸ್ ಸಾಕಾ, ಅಪ್‌ಗ್ರೇಡ್ ಬೇಕಾ?

1970ರ ದಶಕದ ಜಿಎಂಸಿ ಮೋಟರ್‌ಹೋಮ್‌ನ 455 (ಘನ ಇಂಚು ಗಾತ್ರದ) ಎಂಜಿನ್ ರಿಪೇರಿಗೆ ಬಿಚ್ಚಿದ್ದೀರಿ ಅಂದುಕೊಳ್ಳಿ. ಇದು ರೇಸ್ ಕಾರಲ್ಲ, ಸುಮಾರು ಐದು ಟನ್ ತೂಕದ ಮನೆಯನ್ನು ಗಂಟೆಗಟ್ಟಲೆ ಎಳೆಯುವ ಎಂಜಿನ್.

ಹಾಗಾಗಿ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ವಿಷಯದಲ್ಲಿ ನಾನು ಮೂಲದ ಪರ. ವಾಲ್ವ್ ಹೆಚ್ಚು ತೆರೆಯುವ ಜೋರು ಕ್ಯಾಮ್ ಹಾಕಿದರೆ ಪವರ್ ಬರೋದು ಮೇಲಿನ ಆರ್‌ಪಿಎಂನಲ್ಲಿ. ಏರು ಹತ್ತುವಾಗ ಬೇಕಾದ ಟಾರ್ಕ್ (ಎಳೆಯುವ ಬಲ) ಕೆಳಗಿನ ಆರ್‌ಪಿಎಂನಲ್ಲಿ ಕಡಿಮೆಯಾಗುತ್ತದೆ. ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ ಅಲ್ವಾ?

ಕ್ಯಾಮ್‌ಶಾಫ್ಟ್ ತಿರುಗಿಸುವ ಟೈಮಿಂಗ್ ಚೈನ್ ಕಥೆ ಬೇರೆ. ಆ ಕಾಲದ ಕ್ಯಾಮ್ ಗಿಯರ್‌ನ ಹಲ್ಲುಗಳಿಗೆ ನೈಲಾನ್ ಹೊದಿಕೆ ಇರುತ್ತಿತ್ತು. ಸದ್ದು ಕಡಿಮೆ, ನಿಜ. ಆದರೆ ವರ್ಷಗಳ ಬಿಸಿಗೆ ಅದು ಬಿಸ್ಕತ್ತಿನಂತೆ ಮುರಿಯುತ್ತದೆ. ಚೂರುಗಳು ಆಯಿಲ್ ಪ್ಯಾನ್‌ಗೆ ಬಿದ್ದು ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಇಲ್ಲಿ ಪೂರ್ತಿ ಸ್ಟೀಲಿನ ರೋಲರ್ ಸೆಟ್ (ಚೈನ್ ಮತ್ತು ಗಿಯರ್) ಹಾಕಿ, ಖರ್ಚೂ ಅಷ್ಟೇನಿಲ್ಲ.

ಪಿಸ್ಟನ್‌ಗೆ ಬಂದರೆ, ಫೋರ್ಜ್ಡ್ (ಒತ್ತಿ ಮಾಡಿದ್ದು) ಗಟ್ಟಿ, ಆದರೆ ದುಬಾರಿ. ಸಿಲಿಂಡರ್ ಗೋಡೆಗೆ ಗ್ಯಾಪ್ ಜಾಸ್ತಿ ಬಿಡಬೇಕು, ತಣ್ಣಗಿದ್ದಾಗ ಟಕಟಕ ಅನ್ನುತ್ತದೆ. ಟರ್ಬೊ ಯೋಚನೆ ಇಲ್ಲದಿದ್ದರೆ ಕಾಸ್ಟ್ (ಎರಕದ) ಪಿಸ್ಟನ್ ಸಾಕು.

ಸೀಸವಿಲ್ಲದ ಪೆಟ್ರೋಲಿನಲ್ಲಿ ಭಾರ ಎಳೆಯುವುದಾದರೆ ಗಟ್ಟಿ ಎಕ್ಸಾಸ್ಟ್ ವಾಲ್ವ್ ಸೀಟ್ (ಹೊಗೆ ಹೊರಬಿಡುವ ವಾಲ್ವ್ ಕೂರುವ ಉಂಗುರ) ಒಳ್ಳೆಯದು. ವಾಲ್ವ್‌ಗಳಿರುವ ಸಿಲಿಂಡರ್ ಹೆಡ್ ಹೇಗೂ ಮಷೀನ್ ಶಾಪ್‌ನಲ್ಲಿರುತ್ತದೆ, ಆಗಲೇ ಹಾಕಿಸಿಬಿಡಿ.

ವರ್ಷಕ್ಕೆರಡು ಸಣ್ಣ ಪ್ರವಾಸ ಮಾಡುವವರಿಗೆ, ಗಾಡಿಯ ಮೂಲ ರೂಪ ಉಳಿಸುವವರಿಗೆ ಮೂಲ ಪಾರ್ಟ್ಸ್ ಮತ್ತು ಸ್ಟೀಲಿನ ರೋಲರ್ ಚೈನ್ ಸೆಟ್ ಸಾಕು. ಘಾಟಿಯಲ್ಲಿ ಟ್ರೇಲರ್ ಸಹ ಎಳೆಯುವವರು ವಾಲ್ವ್ ಸೀಟಿನ ಜೊತೆ ದೊಡ್ಡ ರೇಡಿಯೇಟರ್‌ಗೂ ದುಡ್ಡು ತೆಗೆದಿಡಿ.