ಹುಣಸೆ, ನಿಂಬೆ, ವಿನೆಗರ್, ಸೋಡಾ: ಹಂಡೆ, ನಲ್ಲಿ, ಒಲೆಕಟ್ಟೆಗಳ ಮೇಲೆ ಒಂದು ಪರೀಕ್ಷೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಎಂಟು ದಿನ ಇರುವಾಗ ಅಟ್ಟದಿಂದ ತಾಮ್ರದ ಹಂಡೆಯನ್ನು ಇಳಿಸಿದೆವು. ವರ್ಷವಿಡೀ ಮೂಲೆಯಲ್ಲಿ ಕುಳಿತಿದ್ದ ಅದರ ಹೊಟ್ಟೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು, ಕಂಠದ ಸುತ್ತ ಹಸಿರು ಕಿಲುಬು ಹಿಡಿದಿತ್ತು. ಅತ್ತೆ ಹುಣಸೆಹಣ್ಣು ನೆನೆಸಲು ಹೊರಟರು. ನಾನು ನಿಂಬೆಹಣ್ಣು ಹೆಚ್ಚಿದೆ. ನಾದಿನಿ ಮೊಬೈಲ್‌ನಲ್ಲಿ ಕಂಡದ್ದನ್ನು ನೆನಪಿಸಿಕೊಂಡು ವಿನೆಗರ್ ಬಾಟಲಿ ತಂದಳು. ಮೂರಕ್ಕೂ ಜಾಗ ಕೊಡುವಷ್ಟು ಹಂಡೆ ದೊಡ್ಡದಾಗಿತ್ತು. ಸ್ಕೆಚ್ ಪೆನ್ನಿನಿಂದ ಮೇಲಿನಿಂದ ಕೆಳಗೆ ನಾಲ್ಕು ಪಟ್ಟಿ ಗುರುತು ಹಾಕಿದೆವು. ನಾಲ್ಕನೆಯದು ಫ್ರಿಜ್‌ನಲ್ಲಿ ಉಳಿದಿದ್ದ ಹುಳಿ ಮಜ್ಜಿಗೆಗೆ. ಅಲ್ಲಿಂದ ಶುರುವಾದ ಪರೀಕ್ಷೆ ಮುಂದಿನ ಎರಡು ತಿಂಗಳು ಸ್ನಾನದ ಮನೆಯ ನಲ್ಲಿ, ನೀರು ಕಾಯಿಸುವ ಕೆಟಲ್, ಒಲೆಕಟ್ಟೆ, ಚಿಮಣಿಗಳವರೆಗೂ ನಡೆಯಿತು.

ತಾಮ್ರದ ಮೇಲಿನ ಕಪ್ಪು ಬೇರೇನೂ ಅಲ್ಲ, ಗಾಳಿಯ ಆಮ್ಲಜನಕದೊಡನೆ ಸೇರಿದ ತಾಮ್ರವೇ. ಹುಳಿ ಅದನ್ನು ಕರಗಿಸುತ್ತದೆ. ಜೊತೆಗೆ ಉಪ್ಪು ಬಿದ್ದರೆ ಅದರ ಕ್ಲೋರೈಡ್ ತಾಮ್ರವನ್ನು ಹಿಡಿದೆಳೆದು ಕೆಲಸದ ವೇಗ ಹೆಚ್ಚಿಸುತ್ತದೆ. ಹಾಗಾಗಿ ಮೊದಲು ಎಲ್ಲ ಪಟ್ಟಿಗಳಿಗೂ ಉಪ್ಪಿಲ್ಲದೆ, ಆಮೇಲೆ ಉಪ್ಪಿನೊಡನೆ ಹಚ್ಚಿ ನೋಡಿದೆವು.

ವೇಗದಲ್ಲಿ ಗೆದ್ದದ್ದು ನಿಂಬೆ. ಅರ್ಧ ಹೋಳನ್ನು ಕಲ್ಲುಪ್ಪಿನಲ್ಲಿ ಅದ್ದಿ ಒಮ್ಮೆ ಎಳೆದರೆ ಸಾಕು, ಎಳೆದ ದಾರಿಯುದ್ದಕ್ಕೂ ಎಳೆ ಮಾವಿನ ಚಿಗುರಿನ ಬಣ್ಣ ಮೂಡುತ್ತಿತ್ತು. ಆದರೆ ರಸ ನಿಲ್ಲುವುದಿಲ್ಲ. ಹಂಡೆಯ ಹೊಟ್ಟೆ ಒಳಗೆ ಬಾಗುವ ಜಾಗದಲ್ಲಿ ಎಲ್ಲವೂ ಕೆಳಗೆ ಜಾರಿ, ಪಟ್ಟಿಯ ಕೆಳಗೆ ಮೂರು ನಾಲ್ಕು ಗೆರೆಗಳು ಮಾತ್ರ ಹೊಳೆಯುತ್ತ ಉಳಿದವು. ಒಂದು ಪಟ್ಟಿಗೇ ಎರಡು ಹಣ್ಣು ಬೇಕಾಯಿತು. ಇಡೀ ಹಂಡೆಗೆ ಹತ್ತಾದರೂ ಬೇಕು, ಬೇಸಗೆಯಲ್ಲಿ ನಿಂಬೆಯ ಬೆಲೆ ಎಲ್ಲರಿಗೂ ಗೊತ್ತಿರುವುದೇ.

ಹುಣಸೆ ನಿಧಾನ, ಆದರೆ ಹಿಡಿದ ಜಾಗವನ್ನು ಬಿಡುವುದಿಲ್ಲ. ಅತ್ತೆ ತೆಗೆದುಕೊಂಡದ್ದು ಹೊಸ ಹಣ್ಣನ್ನಲ್ಲ, ಡಬ್ಬಿಯ ತಳದಲ್ಲಿ ಕಪ್ಪಾಗಿ ಸಾರಿಗೆ ಬಾರದಂತಾಗಿದ್ದ ಹಳೆಯ ಹುಣಸೆ. ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಒಂದು ಚಮಚ ಪುಡಿಯುಪ್ಪು ಬೆರೆಸಿ ಗಟ್ಟಿಯಾಗಿ ಮೆತ್ತಿದರು. ಐದು ನಿಮಿಷ ಬಿಟ್ಟು ಅದರದೇ ಹಿಪ್ಪೆಯಿಂದ ಉಜ್ಜಿದರು. ಬೆರಳಿಗೆ ಅಂಟುವ ಆ ನಾರು ಉಜ್ಜುವ ಸಾಧನವೂ ಹೌದು, ಹುಳಿಯ ಪಾತ್ರೆಯೂ ಹೌದು. ಕಂಠದ ತಿರುವಿನಲ್ಲಿ, ಬಳೆ ಕೂಡಿಸಿದ ಸಂದಿಯಲ್ಲಿ ನಿಂಬೆ ಮುಟ್ಟದೆ ಬಿಟ್ಟ ಹಸಿರು ಕಿಲುಬು ಹುಣಸೆಗೆ ಬಂತು. ಇಡೀ ಹಂಡೆಗೆ ಮೂರು ಉಂಡೆ ಸಾಕಾಯಿತು, ಅದೂ ಎಸೆಯಬೇಕಾಗಿದ್ದ ಹುಣಸೆ.

ವಿನೆಗರ್ ಉಪ್ಪಿಲ್ಲದೆ ಐದು ನಿಮಿಷದಲ್ಲಿ ಹೆಚ್ಚೇನೂ ಮಾಡಲಿಲ್ಲ. ಉಪ್ಪು ಹಾಕಿ, ನಿಲ್ಲಲೆಂದು ಅಕ್ಕಿಹಿಟ್ಟು ಕಲಸಿ ಹಚ್ಚಿದಾಗ ಹುಣಸೆಯ ಹತ್ತಿರ ಬಂತು. ಆದರೆ ಅಷ್ಟೆಲ್ಲ ಕಲಸುವುದಾದರೆ ಹುಣಸೆಯನ್ನೇ ಹಚ್ಚಬಹುದಲ್ಲ! ಹುಳಿ ಮಜ್ಜಿಗೆಗೆ ಇಪ್ಪತ್ತು ನಿಮಿಷ ಬೇಕಾಯಿತು. ಬಣ್ಣ ಎಲ್ಲೂ ತುಂಡುತುಂಡಾಗದೆ ಒಂದೇ ಸಮನಾಗಿ ಬಂತು. ನವಿಲು, ಬಳ್ಳಿಗಳ ಕೆತ್ತನೆಯಿರುವ ಚಿಕ್ಕ ದೀಪಗಳಿಗೆ ನಾನು ಈಗ ಮಜ್ಜಿಗೆಯನ್ನೇ ಬಳಸುತ್ತೇನೆ. ಉಜ್ಜಲು ಬೆರಳು ಹೋಗದ ಕಡೆಗೂ ಅದು ಹೋಗುತ್ತದೆ.

ಮರುದಿನ ಬೆಳಿಗ್ಗೆ ನೋಡಿದರೆ ನಿಂಬೆಯ ಪಟ್ಟಿಯಲ್ಲಿ ಸಣ್ಣ ಕಂದು ಚುಕ್ಕೆಗಳು. ಅಲ್ಲಿ ಅವಸರದಲ್ಲಿ ಒಂದೇ ಚೊಂಬು ನೀರು ಹಾಕಿದ್ದೆವು. ಉಪ್ಪು, ಹುಳಿಗಳ ಪಸೆ ಉಳಿದರೆ ಯಾವ ಹಣ್ಣಾದರೂ ಹೀಗೆಯೇ. ಎರಡು ಮೂರು ಸಲ ತೊಳೆದು, ಹಳೆಯ ಪಂಚೆಯ ತುಂಡಿನಿಂದ ನೀರಿನ ಹನಿಯೂ ಇಲ್ಲದಂತೆ ಒರೆಸಿದ ಹುಣಸೆಯ ಭಾಗ ಹಬ್ಬ ಮುಗಿದರೂ ಹೊಳೆಯುತ್ತಿತ್ತು.

ಹಿತ್ತಾಳೆಯ ವಿಷಯ ಬೇರೆಯೇ. ದೀಪದ ಕಂಬದ ತಟ್ಟೆಯನ್ನು ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಸಿಟ್ಟಿದ್ದೆ. ಬೆಳಿಗ್ಗೆ ಅದು ಹಳದಿಯಾಗಿರಲಿಲ್ಲ, ನಸುಗೆಂಪಾಗಿತ್ತು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಹುಳಿಯಲ್ಲಿ ಹೆಚ್ಚು ಹೊತ್ತು ಬಿದ್ದರೆ ಮೇಲ್ಮೈಯ ಸತು ಮೊದಲು ಕರಗಿಹೋಗಿ ತಾಮ್ರ ಉಳಿಯುತ್ತದೆ. "ಹಿತ್ತಾಳೆಯನ್ನು ಹುಳಿಯಲ್ಲಿ ಮಲಗಿಸಬಾರದಮ್ಮಾ, ಸವರಿ ತೊಳೆದುಬಿಡಬೇಕು" ಎಂದರು ಅತ್ತೆ. ನಯವಾದ ರಂಗೋಲಿ ಪುಡಿಯಿಂದ ಅರ್ಧ ಗಂಟೆ ಉಜ್ಜಿದ ಮೇಲೆ ಹಳದಿ ಮರಳಿತು. ಕಲಾಯಿ ಹಾಕಿದ ಪಾತ್ರೆಯ ಒಳಭಾಗಕ್ಕೆ ಮಾತ್ರ ರಂಗೋಲಿ ಪುಡಿ, ಇಟ್ಟಿಗೆ ಪುಡಿ ತಾಗಿಸಲೇಬೇಡಿ. ಕಲಾಯಿ ತೆಳುವಾದ ತವರದ ಲೇಪ, ಉಜ್ಜಿದರೆ ಸವೆದುಹೋಗುತ್ತದೆ.

ಇನ್ನು ನಲ್ಲಿಗಳು. ನಮ್ಮದು ಬೆಂಗಳೂರಿನ ಹೊರವಲಯ, ಮನೆಗೆ ಬರುವುದು ಬೋರ್‌ವೆಲ್ ನೀರು. ಕಾವೇರಿ ನೀರು ಬರುವ ಬಡಾವಣೆಯಲ್ಲಿರುವ ನನ್ನ ತಂಗಿಗೆ ಈ ಕಷ್ಟ ಅಷ್ಟಾಗಿ ಗೊತ್ತಿಲ್ಲ. ನಮ್ಮಲ್ಲಿ ನಲ್ಲಿಯ ಬಾಯಿಗೆ ಬಿಳಿ ಹೊಪ್ಪಳೆ, ಬಕೆಟ್ಟಿನ ಒಳಗೆ ಬೂದಿಬಣ್ಣದ ಪದರ, ಕೆಟಲ್‌ನ ತಳದಲ್ಲಿ ಮೊಟ್ಟೆಯ ಓಡಿನಂಥ ಚಕ್ಕೆ. ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿಯಾದಾಗ, ಆರಿದಾಗ ಹೀಗೆ ಹೊರಬಿದ್ದು ಅಂಟುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಅದು ಹೋಗದು, ಹುಳಿಯೇ ಬೇಕು.

ಇಲ್ಲಿ ಹುಣಸೆ ಸೋತಿತು. ಕಲೆ ಬಿಟ್ಟಿತಾದರೂ ಟೈಲ್ಸ್ ಸಂದುಗಳಲ್ಲಿ ತನ್ನದೇ ಕಂದು ಬಣ್ಣವನ್ನು ಬಿಟ್ಟುಹೋಯಿತು. ವಿನೆಗರ್ ಚೆನ್ನಾಗಿ ಕೆಲಸ ಮಾಡಿತು: ಅದರಲ್ಲಿ ನೆನೆಸಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟರೆ ಹೊಪ್ಪಳೆ ಉಗುರಿಗೆ ಬರುವಷ್ಟು ಮೆತ್ತಗಾಯಿತು. ಆದರೆ ಕಿಟಕಿಯಿಲ್ಲದ ಸ್ನಾನದ ಮನೆಯಲ್ಲಿ ಆ ವಾಸನೆ ಮಧ್ಯಾಹ್ನದವರೆಗೂ ಇತ್ತು. ಎಲ್ಲವನ್ನೂ ಹಿಂದೆ ಹಾಕಿದ್ದು ನಿಂಬೆ ಉಪ್ಪು. ದಿನಸಿ ಅಂಗಡಿಯಲ್ಲಿ ಚಿಕ್ಕ ಪೊಟ್ಟಣದಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಹರಳು ಅದು. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ. ಕೆಟಲ್‌ನಲ್ಲಿ ಅದನ್ನು ಸುರಿದು ಕಿವಿಗೊಟ್ಟರೆ ಸಣ್ಣಗೆ ಸುಂಯ್ ಎನ್ನುವ ಸದ್ದು ಕೇಳುತ್ತದೆ. ಚಕ್ಕೆಯ ಅಂಚಿನಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ, ಕ್ರಮೇಣ ಚಕ್ಕೆಯೇ ತಳ ಬಿಟ್ಟು ತೇಲುತ್ತದೆ. ಇಪ್ಪತ್ತು ನಿಮಿಷದಲ್ಲಿ ಸ್ಟೀಲಿನ ತಳ ಕಂಡಿತು. ವಾಸನೆಯಿಲ್ಲ, ಖರ್ಚೂ ಕಡಿಮೆ. ನಲ್ಲಿಗಳ ಮೇಲೆ ಮಾತ್ರ ಅರ್ಧ ಗಂಟೆಗಿಂತ ಹೆಚ್ಚು ಬಿಡುವುದಿಲ್ಲ, ಹೊಳಪಿನ ಲೇಪ ಮಂಕಾಗುತ್ತದೆ.

ಸ್ನಾನದ ಮನೆಯಲ್ಲಿ ಈ ಕೆಲಸ ಮಾಡುವವರು ಒಂದು ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ದ್ರಾವಣ ಬಳಸಿದ ಜಾಗಕ್ಕೆ ನಿಂಬೆ, ವಿನೆಗರ್, ನಿಂಬೆ ಉಪ್ಪು ಯಾವುದನ್ನೂ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಅಡುಗೆಮನೆಯ ವಸ್ತುವಾದ್ದರಿಂದ ಹುಳಿ ನಿರಪಾಯಕಾರಿ ಎಂದು ನಂಬಿ ಮುಚ್ಚಿದ ಕೋಣೆಯಲ್ಲಿ ಈ ತಪ್ಪು ಮಾಡುವವರನ್ನು ನೆನೆದರೆ ನನಗೆ ದಿಗಿಲಾಗುತ್ತದೆ.

ಹುಳಿ ಎಲ್ಲಿಗೆ ಹೋಗಬಾರದು ಎಂಬುದನ್ನು ನಮ್ಮ ಒಲೆಕಟ್ಟೆ ಕಲಿಸಿತು. ನಮ್ಮದು ಕಪ್ಪು ಕಡಪ ಕಲ್ಲು. ಮಾಡಿಸಿದಾಗ ಗ್ರಾನೈಟಿಗಿಂತ ಅಗ್ಗವೆಂದು ಹಾಕಿಸಿದ್ದು. ಅದರ ಮೇಲಿನ ಎಣ್ಣೆ ಕಲೆಗೆ ನಿಂಬೆ ಹೋಳು ತಿಕ್ಕಿ, ಹೋಳನ್ನು ಅಲ್ಲೇ ಇಟ್ಟು ಫೋನಿಗೆ ಓಗೊಡಲು ಹೋದೆ. ಹಿಂತಿರುಗಿ ಒರೆಸಿದಾಗ ಹೋಳು ಇದ್ದಷ್ಟೇ ಅಗಲದ ಬೂದುಬಣ್ಣದ ವೃತ್ತ. ಬೆರಳಾಡಿಸಿದರೆ ಸುತ್ತಲೂ ನುಣುಪು, ಅಲ್ಲಿ ಮಾತ್ರ ಒರಟು. ಕಡಪ ಕಲ್ಲು ಸುಣ್ಣದ ಕಲ್ಲು. ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಅದೇ ಜಾತಿ, ಅಮೃತಶಿಲೆಯೂ ಅಷ್ಟೇ. ಕೆಟಲ್‌ನ ಚಕ್ಕೆಯನ್ನು ಕರಗಿಸಿದ ಹುಳಿ ಇವುಗಳನ್ನೂ ಕರಗಿಸುತ್ತದೆ. ಅದು ಕಲೆಯಲ್ಲ, ಗಾಯ, ಒರೆಸಿದರೆ ಹೋಗುವುದಿಲ್ಲ. ಸಿಮೆಂಟಿನಿಂದ ಮಾಡಿದ ಹಳೆಯ ರೆಡ್ ಆಕ್ಸೈಡ್ ನೆಲಕ್ಕೂ ಹುಳಿ ಆಗದು. "ವಿನೆಗರ್‌ನಿಂದ ನೆಲ ಒರೆಸಿ" ಎನ್ನುವ ಸಲಹೆಯನ್ನು ಕೇಳಿದಾಗಲೆಲ್ಲ ಉತ್ತರ ಕರ್ನಾಟಕದ ಶಹಾಬಾದ್ ಕಲ್ಲಿನ ಪಡಸಾಲೆಗಳು ಕಣ್ಣ ಮುಂದೆ ಬರುತ್ತವೆ.

ಜಿಡ್ಡಿನ ವಿಷಯಕ್ಕೆ ಬಂದರೆ ಹುಳಿಗಳ ಬಲ ಅಲ್ಲಿಗೆ ಮುಗಿಯಿತು. ಚಿಮಣಿಯ ಸ್ಟೀಲ್ ತಟ್ಟೆಗಳು ನಮ್ಮಲ್ಲಿ ಮೂರಿವೆ. ಒಂದಕ್ಕೆ ವಿನೆಗರ್, ಒಂದಕ್ಕೆ ಅಡುಗೆ ಸೋಡಾ, ಒಂದಕ್ಕೆ ಬಟ್ಟೆ ಒಗೆಯುವ ಸೋಡಾ. ಮೂರಕ್ಕೂ ಕುದಿಯುವ ನೀರು, ಅರ್ಧ ಗಂಟೆ. ವಿನೆಗರ್ ತಟ್ಟೆಯ ಅಂಟು ಇದ್ದಲ್ಲೇ ಇತ್ತು, ಜೊತೆಗೆ ಹುಳಿ ವಾಸನೆ. ಅಡುಗೆ ಸೋಡಾದ ತಟ್ಟೆಯನ್ನು ಬ್ರಷ್‌ನಿಂದ ತಿಕ್ಕಿದಾಗ ಅಂಟು ಬಿಟ್ಟಿತು. ಬಟ್ಟೆ ಸೋಡಾದ ತಟ್ಟೆಯನ್ನು ನೀರಿನಿಂದ ಎತ್ತಿದಾಗಲೇ ಕಂದು ಜಿಡ್ಡು ಸುಲಿದು ಜಾರಿತು. ಎರಡೂ ಕ್ಷಾರವೇ, ಆದರೆ ಬಟ್ಟೆ ಸೋಡಾ ಹೆಚ್ಚು ತೀಕ್ಷ್ಣ. ಕೊಬ್ಬನ್ನು ಒಡೆದು ಸೋಪಿನಂತಾಗಿಸುವ ಶಕ್ತಿ ಅದಕ್ಕಿದೆ. ನಮ್ಮಜ್ಜಿ ಒಲೆಯ ಬೂದಿ, ತೆಂಗಿನ ನಾರು ಹಿಡಿದು ಜಿಡ್ಡಿನ ಬಾಣಲೆ ಬೆಳಗುತ್ತಿದ್ದುದೂ ಇದೇ ಬಲದಿಂದ; ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಬಟ್ಟೆ ಸೋಡಾ ಮುಟ್ಟುವಾಗ ಕೈಗವಸು ಬೇಕೇ ಬೇಕು. ಅಲ್ಯೂಮಿನಿಯಂಗೆ ಅದು ವೈರಿ. ನನ್ನ ಕುಕ್ಕರಿನ ಮುಚ್ಚಳ ಅದೇ ನೀರಿಗೆ ಬಿದ್ದು ಹತ್ತು ನಿಮಿಷದಲ್ಲಿ ಕಪ್ಪಾಯಿತು. ನಿಮ್ಮ ಚಿಮಣಿಯ ಜಾಲರಿ ಅಲ್ಯೂಮಿನಿಯಂ ಆಗಿದ್ದರೆ ಸೋಪು ಮತ್ತು ಬಿಸಿನೀರಿಗೇ ನಿಲ್ಲಿ.

ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಎಬ್ಬಿಸುವ ವಿಧಾನವನ್ನೂ ಸಿಂಕಿನಲ್ಲಿ ಮೂರು ಸಲ ಮಾಡಿ ನೋಡಿದೆ. ನೋಡಲು ಚೆಂದ. ಆದರೆ ಕ್ಷಾರವನ್ನು ಹುಳಿ ತಿಂದುಹಾಕುತ್ತದೆ, ಹುಳಿಯನ್ನು ಕ್ಷಾರ. ಗಾಳಿ ಹಾರಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಅದಕ್ಕೆ ಜಿಡ್ಡೂ ಹೋಗದು, ಸುಣ್ಣದ ಹೊಪ್ಪಳೆಯೂ ಹೋಗದು. ಎರಡೂ ಬೇಕಾದರೆ ಮೊದಲು ಸೋಡಾ ಹಾಕಿ ತೊಳೆದು, ಆಮೇಲೆ ಹುಳಿ ಹಾಕುವುದೇ ಸರಿ. ಹಾಲು ಸೀದ ಪಾತ್ರೆಗೆ ಸೋಡಾ ಒಂದೇ ಸಾಕು: ನೀರಿನೊಡನೆ ಹತ್ತು ನಿಮಿಷ ಕುದಿಸಿ ಆರಲು ಬಿಟ್ಟರೆ ಸೀದ ಪದರ ಹಾಳೆಯಂತೆ ಏಳುತ್ತದೆ.

ಬಜ್ಜಿ ಕರಿದ ಬಾಣಲೆಗೆ ಕಡಲೆಹಿಟ್ಟು. ತಣ್ಣಗಾದ ಬಾಣಲೆಯಲ್ಲಿ ಎರಡು ಚಮಚ ಉದುರಿಸಿ ಕೈಯಿಂದ ಸವರಿದರೆ ಎಣ್ಣೆಯೆಲ್ಲ ಹಿಟ್ಟಿಗೆ ಹತ್ತಿ ಮುದ್ದೆಯಾಗುತ್ತದೆ. ಅದನ್ನು ಕಸಕ್ಕೆ ಹಾಕಿದರೆ ಸಿಂಕಿನ ಕೊಳವೆಗೂ ಒಳ್ಳೆಯದು. ಅಕ್ಕಿಹಿಟ್ಟು ಇಷ್ಟು ಹೀರುವುದಿಲ್ಲ, ಅದನ್ನೂ ನೋಡಿದೆ.

ದಿನನಿತ್ಯದ ಪಾತ್ರೆಗೆ, ನೆಲಕ್ಕೆ, ಕಡಪ ಕಲ್ಲಿಗೆ ಈಗ ನಾನು ನೆಚ್ಚಿಕೊಂಡಿರುವುದು ಅಂಟುವಾಳ. ಹನ್ನೆರಡು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ ಸೋಸಬೇಕು. ಬೆಲ್ಲದ ನೀರಿನ ಬಣ್ಣದ ಆ ಕಷಾಯದಲ್ಲಿ ಸಪೋನಿನ್ ಎಂಬ ನೊರೆಯ ಅಂಶವಿದೆ. ಒಣಗಿ ಗಟ್ಟಿಯಾದ ಜಿಡ್ಡಿಗೆ ಅದು ಸಾಲದು. ಚಿಮಣಿಗೆ ಹಾಕಿ ನಿರಾಶಳಾದೆ. ಆದರೆ ಊಟದ ತಟ್ಟೆ, ಕಾಫಿ ಲೋಟ, ಹುಣಸೆಯಿಂದ ಬೆಳಗಿದ ಹಿತ್ತಾಳೆಯ ಕೊನೆಯ ತೊಳೆತ, ರೇಷ್ಮೆ ಸೀರೆ, ಇವಕ್ಕೆಲ್ಲ ಅದರಷ್ಟು ಮೃದುವಾದದ್ದನ್ನು ನಾನು ಕಂಡಿಲ್ಲ. ಕಣ್ಣಿಗೆ ಸಿಡಿದರೆ ತುಂಬ ಉರಿಯುತ್ತದೆ, ಮಕ್ಕಳಿಂದ ದೂರವಿಡಬೇಕು. ಫ್ರಿಜ್‌ನಲ್ಲಿಟ್ಟರೂ ನಾಲ್ಕು ದಿನದ ಮೇಲೆ ಹುಳಿತ ವಾಸನೆ ಬರುತ್ತದೆ, ಹಾಗಾಗಿ ವಾರಕ್ಕೆ ಎರಡು ಸಲ ಕುದಿಸುತ್ತೇನೆ. ತವರುಮನೆಯ ಬೇಲಿಯ ಪಕ್ಕ ಒಂದು ಅಂಟುವಾಳದ ಮರವಿದೆ. ಇಷ್ಟು ವರ್ಷ ಕಾಯಿ ಉದುರಿ ಮಣ್ಣಾಗುತ್ತಿತ್ತು. ಈ ಸಲ ಅಮ್ಮ ಆರಿಸಿ ಒಣಗಿಸಿ ಗೋಣಿಚೀಲದ ಕಾಲು ಭಾಗ ತುಂಬಿ ಬಸ್ಸಿನಲ್ಲಿ ಕಳುಹಿಸಿದ್ದಾರೆ.